ಹಳ್ಳಿಯ ದಾರಿಗೆ ಇಳಿದ ವೈದ್ಯವಿದ್ಯೆ: ಡಾ. ಐಡಾ ಸ್ಕಡರ್ ಅವರ ಜೀವನ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯು ಕೋಲಾರದ ನೆಲವನ್ನು ಹಾದು, ಆಂಧ್ರದ ಅಂಚನ್ನು ಸೋಕಿ ತಮಿಳುನಾಡನ್ನು ಪ್ರವೇಶಿಸುತ್ತದೆ. ವೆಲ್ಲೂರಿನ ಬಳಿ, ವರ್ಷದ ಬಹುಭಾಗ ನೀರಿಲ್ಲದ ವಿಶಾಲವಾದ ಮರಳಿನ ಹಾಸಾಗಿ ಹರಡಿಕೊಳ್ಳುತ್ತದೆ. ಕನ್ನಡಿಗರಿಗೆ ವೆಲ್ಲೂರು ಅಪರಿಚಿತವಾದ ಊರಲ್ಲ. ಶ್ರೀರಂಗಪಟ್ಟಣದ ಪತನದ ತರುವಾಯ ಟಿಪ್ಪು ಸುಲ್ತಾನನ ಮಕ್ಕಳನ್ನು ಇರಿಸಿದ್ದ ಕೋಟೆ ಇಲ್ಲಿಯದು. 1806ರಲ್ಲಿ ಸಿಪಾಯಿಗಳು ಬಂಡೆದ್ದದ್ದು ಈ ಕೋಟೆಯಲ್ಲಿಯೇ. ಆದರೆ ಕಳೆದ ಒಂದು ಶತಮಾನದಿಂದ ವೆಲ್ಲೂರು ಎಂಬ ಹೆಸರು ಮೊದಲು ನೆನಪಿಗೆ ತರುವುದು ಕೋಟೆಯನ್ನಲ್ಲ, ಆಸ್ಪತ್ರೆಯನ್ನು. ಕೋಲಾರ, ಬೆಂಗಳೂರುಗಳಿಂದ ಮೊದಲ್ಗೊಂಡು ವಂಗ, ಅಸ್ಸಾಮುಗಳವರೆಗಿನ ರೋಗಿಗಳು ಕಾಟಪಾಡಿ ನಿಲ್ದಾಣದಲ್ಲಿ ಇಳಿಯುವುದು ಅದನ್ನು ಅರಸಿಕೊಂಡು. ಅಷ್ಟು ದೊಡ್ಡದಾಗಿ ಬೆಳೆದ ಸಂಸ್ಥೆಯ ಮೂಲದಲ್ಲಿರುವುದು ಒಂದೇ ಹಾಸಿಗೆಯ ಒಂದು ಕೋಣೆ. ಆ ಕೋಣೆಯ ಹಿಂದೆ ಇರುವುದು ಡಾ. ಐಡಾ ಸೋಫಿಯಾ ಸ್ಕಡರ್ ಅವರ ಬದುಕು.

ಐಡಾ ಸ್ಕಡರ್ ಅವರನ್ನು ದೊಡ್ಡ ಆಸ್ಪತ್ರೆಯೊಂದರ ಸ್ಥಾಪಕರೆಂದು ಸ್ಮರಿಸುವುದು ವಾಡಿಕೆ. ಅದು ಸತ್ಯವಾದರೂ ಪೂರ್ಣ ಸತ್ಯವಲ್ಲ. ಗ್ರಾಮೀಣ ಜನರಿಗೂ ಚಿಕಿತ್ಸೆಗೂ ನಡುವೆ ಇರುವ ಅಂತರವು ಕೇವಲ ಮೈಲಿಗಳ ಅಂತರವಲ್ಲ, ಆಚಾರದ ಮತ್ತು ಸಂಕೋಚದ ಅಂತರವೂ ಹೌದು. ಅದನ್ನು ಕಟ್ಟಡಗಳು ತುಂಬಲಾರವು, ತರಬೇತಿ ಪಡೆದ ಮನುಷ್ಯರು ಮಾತ್ರವೇ ತುಂಬಬಲ್ಲರು ಎಂಬ ಅರಿವೇ ಅವರ ಬದುಕಿನ ನಿಜವಾದ ಸಾಧನೆಯ ಬುನಾದಿ.

ಸ್ಕಡರ್ ಮನೆತನವು ಅಮೆರಿಕದಿಂದ ಬಂದ ಮಿಷನರಿ ವೈದ್ಯರ ಮನೆತನ. ಐಡಾ ಅವರ ಅಜ್ಜ ಡಾ. ಜಾನ್ ಸ್ಕಡರ್ 1819ರಲ್ಲಿ ಸಿಂಹಳಕ್ಕೆ ಹೊರಟು, ಮುಂದೆ ಮದರಾಸಿನಲ್ಲಿ ಕಾರ್ಯನಿರತರಾದವರು. ಅವರ ಮಕ್ಕಳಲ್ಲಿ ಹಲವರು ದಕ್ಷಿಣ ಭಾರತವನ್ನೇ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡರು. ಅವರಲ್ಲೊಬ್ಬರಾದ, ತಂದೆಯ ಹೆಸರನ್ನೇ ಹೊತ್ತಿದ್ದ ಡಾ. ಜಾನ್ ಸ್ಕಡರ್ ಹಾಗೂ ಸೋಫಿಯಾ ದಂಪತಿಗಳ ಮಗಳಾಗಿ ಐಡಾ 1870ರ ಡಿಸೆಂಬರ್ 9ರಂದು, ಅಂದಿನ ಉತ್ತರ ಆರ್ಕಾಟ್ ಜಿಲ್ಲೆಯ ರಾಣಿಪೇಟೆಯಲ್ಲಿ ಜನಿಸಿದರು. ಐವರು ಅಣ್ಣಂದಿರ ಒಬ್ಬಳೇ ತಂಗಿ. ಬಾಲ್ಯದ ನೆನಪುಗಳಲ್ಲಿ ಅವರನ್ನು ಕೊನೆಯವರೆಗೂ ಬಿಡದೆ ಕಾಡಿದ್ದು 1876ರಿಂದ 1878ರವರೆಗೆ ಮದರಾಸು ಪ್ರಾಂತ್ಯವನ್ನೂ ಮೈಸೂರು ಸಂಸ್ಥಾನವನ್ನೂ ಒಟ್ಟಿಗೆ ಸುಟ್ಟ ಮಹಾಕ್ಷಾಮದ ನೆನಪು. ಮನೆಯಂಗಳದಲ್ಲಿ ಸಾಲುಗಟ್ಟಿ ಕುಳಿತ ಎಲುಬುಗೂಡಿನಂಥ ಮಕ್ಕಳಿಗೆ ರೊಟ್ಟಿಯ ತುಣುಕುಗಳನ್ನು ಹಂಚಿದ ಆ ಎಳೆಯ ಹುಡುಗಿಗೆ ಭಾರತವೆಂದರೆ ಹಸಿವು, ರೋಗ, ಸಾವುಗಳ ನಾಡಾಗಿಯೇ ಉಳಿಯಿತು.

ಕ್ಷಾಮದ ದುಡಿತದಿಂದ ಬಳಲಿದ ತಂದೆಯ ಆರೋಗ್ಯವನ್ನು ಸುಧಾರಿಸಲೆಂದು ಕುಟುಂಬವು ಅಮೆರಿಕಕ್ಕೆ ಮರಳಿತು. ಕೆಲಕಾಲಾನಂತರ ತಂದೆ, ಅವರ ಹಿಂದೆಯೇ ತಾಯಿ ಭಾರತಕ್ಕೆ ಹಿಂದಿರುಗಿದಾಗ ಐಡಾ ಅಲ್ಲಿಯೇ ಉಳಿಯಬೇಕಾಯಿತು. ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್‌ಫೀಲ್ಡ್ ವಿದ್ಯಾಲಯದಲ್ಲಿ ಓದುತ್ತಿದ್ದ ಕಾಲದಲ್ಲಿ ಅವರು ಚುರುಕಾದ, ತುಂಟತನಕ್ಕೆ ಹೆಸರಾದ ವಿದ್ಯಾರ್ಥಿನಿ. ಮನೆತನದ ಮಿಷನರಿ ಪರಂಪರೆಯನ್ನು ಮುಂದುವರಿಸುವ ಇಚ್ಛೆ ಅವರಲ್ಲಿ ಲವಲೇಶವೂ ಇರಲಿಲ್ಲ. ಅಮೆರಿಕದಲ್ಲಿಯೇ ನೆಲಸಿ, ಮದುವೆಯಾಗಿ, ಸುಖವಾಗಿ ಬಾಳಬೇಕೆಂಬುದು ಅವರ ಆಗಿನ ಹಂಬಲ. 1890ರಲ್ಲಿ ತಾಯಿಯ ಅಸ್ವಸ್ಥತೆಯ ಸುದ್ದಿ ತಿಳಿದು ತಿಂಡಿವನಕ್ಕೆ ಬಂದದ್ದೂ ತಾತ್ಕಾಲಿಕವಾಗಿಯೇ.

ತಿಂಡಿವನದಲ್ಲಿದ್ದಾಗ ಒಂದು ರಾತ್ರಿ ನಡೆದ ಘಟನೆ ಅವರ ಬದುಕಿನ ದಿಕ್ಕನ್ನು ಬದಲಾಯಿಸಿತು. ಮೊದಲು ಬಾಗಿಲಿಗೆ ಬಂದವನು ಒಬ್ಬ ಬ್ರಾಹ್ಮಣ ಗೃಹಸ್ಥ. ಚೊಚ್ಚಲ ಹೆರಿಗೆಯಲ್ಲಿ ನರಳುತ್ತಿದ್ದ ತನ್ನ ಎಳೆವಯಸ್ಸಿನ ಹೆಂಡತಿಗೆ ನೆರವಾಗಬೇಕೆಂದು ಅವನು ಐಡಾ ಅವರನ್ನು ಬೇಡಿಕೊಂಡ. ತನಗೆ ವೈದ್ಯವಿದ್ಯೆ ತಿಳಿಯದು, ತಂದೆಯವರು ವೈದ್ಯರು, ಅವರು ಬರುತ್ತಾರೆ ಎಂದು ಐಡಾ ತಿಳಿಸಿದರು. ಪರಪುರುಷನು ಅಂತಃಪುರವನ್ನು ಪ್ರವೇಶಿಸುವುದು ಅವನ ಆಚಾರಕ್ಕೆ ಸಮ್ಮತವಾಗಲಿಲ್ಲ, ಅವನು ಹಿಂದಿರುಗಿದ. ಅದೇ ರಾತ್ರಿ ಒಬ್ಬ ಮುಸಲ್ಮಾನ ಗೃಹಸ್ಥನೂ, ಮೇಲ್ಜಾತಿಯ ಮತ್ತೊಬ್ಬ ಹಿಂದೂ ಗೃಹಸ್ಥನೂ ಅದೇ ಬೇಡಿಕೆಯನ್ನು ಹೊತ್ತು ಬಂದು, ಅದೇ ಕಾರಣಕ್ಕಾಗಿ ಬರಿಗೈಯಲ್ಲಿ ಮರಳಿದರು. ಬೆಳಗಾಗುವಷ್ಟರಲ್ಲಿ ಬೀದಿಯಿಂದ ಸಾವಿನ ತಮಟೆಯ ಸದ್ದು ಕೇಳಿಬಂತು. ವಿಚಾರಿಸಿ ಬರಲು ಕಳುಹಿಸಿದ ಆಳು ತಂದ ಸುದ್ದಿ ಒಂದೇ: ಮೂವರು ಹೆಣ್ಣುಮಕ್ಕಳೂ ತೀರಿಕೊಂಡಿದ್ದರು.

ಐಡಾ ಅವರೇ ಜೀವಮಾನವಿಡೀ ನೆನೆದು ಹೇಳುತ್ತಿದ್ದ ಈ ಪ್ರಸಂಗವನ್ನು ಅವರ ಚರಿತ್ರಕಾರರು ದೈವಪ್ರೇರಣೆಯ ಕ್ಷಣವೆಂದು ಬಣ್ಣಿಸಿದ್ದಾರೆ. ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಆ ರಾತ್ರಿ ಅದೇ ಮನೆಯಲ್ಲಿ ನುರಿತ ವೈದ್ಯರೊಬ್ಬರು ಇದ್ದರು; ಹೊರಡಲು ಸಿದ್ಧರಾಗಿಯೂ ಇದ್ದರು. ದಾರಿ ದೂರವಾಗಿರಲಿಲ್ಲ. ಆದರೂ ಮೂರು ಜೀವಗಳು ಉಳಿಯಲಿಲ್ಲ. ಕೊರತೆಯಿದ್ದುದು ಆ ಮನೆಗಳ ಒಳಕೋಣೆಯನ್ನು ದಾಟಬಲ್ಲ ಒಬ್ಬ ವೈದ್ಯೆಯದು. ಆರೋಗ್ಯಸೇವೆ ಊರಿನಲ್ಲಿದ್ದ ಮಾತ್ರಕ್ಕೆ ಜನರಿಗೆ ದೊರೆತಂತಲ್ಲ ಎಂಬ ಪಾಠವನ್ನು ಐಡಾ ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ. ಮರುದಿನವೇ ಅವರು, ಅಮೆರಿಕಕ್ಕೆ ಹೋಗಿ ವೈದ್ಯಶಾಸ್ತ್ರವನ್ನು ಓದಿ ಮರಳುವುದಾಗಿ ತಂದೆತಾಯಿಯರಿಗೆ ತಿಳಿಸಿದರು.

ಭಾರತೀಯ ಸ್ತ್ರೀಯರಿಗೆ ವೈದ್ಯೆಯರು ಬೇಕೆಂಬ ಅರಿವು ಆ ವೇಳೆಗಾಗಲೇ ಮೂಡಿತ್ತು. ಮದರಾಸು ವೈದ್ಯಕೀಯ ಕಾಲೇಜು 1875ರಲ್ಲಿಯೇ ಮಹಿಳೆಯರಿಗೆ ಬಾಗಿಲು ತೆರೆದಿತ್ತು. 1885ರಲ್ಲಿ ಲೇಡಿ ಡಫರಿನ್ ನಿಧಿ ಸ್ಥಾಪನೆಯಾಗಿತ್ತು. ಮಹಾರಾಷ್ಟ್ರದ ಆನಂದಿಬಾಯಿ ಜೋಶಿ 1886ರಲ್ಲಿ ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು, ಸ್ವದೇಶದಲ್ಲಿ ಸೇವೆಗೆ ತೊಡಗುವ ಮೊದಲೇ ಕ್ಷಯಕ್ಕೆ ಬಲಿಯಾಗಿದ್ದರು. ಆನಂದಿಬಾಯಿ ಓದಿದ ಆ ಕಾಲೇಜನ್ನೇ ಐಡಾ 1895ರಲ್ಲಿ ಸೇರಿದರು. ನ್ಯೂಯಾರ್ಕಿನ ಕಾರ್ನೆಲ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜು ಸ್ತ್ರೀಯರನ್ನು ಸೇರಿಸಿಕೊಳ್ಳತೊಡಗಿದಾಗ ಅಲ್ಲಿಗೆ ವರ್ಗಾಯಿಸಿಕೊಂಡು, 1899ರಲ್ಲಿ ಅಲ್ಲಿಂದ ಪದವಿ ಪಡೆದ ಮೊದಲ ತಂಡದ ಮಹಿಳೆಯರಲ್ಲಿ ಒಬ್ಬರಾದರು. ಸ್ವದೇಶವನ್ನು ಬಿಡುವ ಮುನ್ನ, ಶೆಲ್ ಎಂಬ ನ್ಯೂಯಾರ್ಕಿನ ವೃದ್ಧ ಬ್ಯಾಂಕರರು ತಮ್ಮ ದಿವಂಗತ ಪತ್ನಿಯ ನೆನಪಿಗಾಗಿ 10,000 ಡಾಲರುಗಳನ್ನು ಆಸ್ಪತ್ರೆಗೆಂದು ನೀಡಿದರು.

1900ರ ಆರಂಭದಲ್ಲಿ ಐಡಾ ವೆಲ್ಲೂರಿಗೆ ಬಂದರು. ತಂದೆಯವರ ಕೈಕೆಳಗೆ ಕೆಲಕಾಲ ಅನುಭವ ಪಡೆಯಬೇಕೆಂಬ ಅವರ ಎಣಿಕೆ ಕೈಗೂಡಲಿಲ್ಲ. ಕೆಲವೇ ತಿಂಗಳುಗಳಲ್ಲಿ ತಂದೆ ತೀರಿಕೊಂಡರು. ಯಾವ ಸ್ತ್ರೀಯರಿಗಾಗಿ ವೈದ್ಯವಿದ್ಯೆಯನ್ನು ಕಲಿತು ಬಂದಿದ್ದರೋ ಆ ಸ್ತ್ರೀಯರೇ ಮೊದಮೊದಲು ಈ ಎಳೆಯ ವಿದೇಶೀ ವೈದ್ಯೆಯ ಬಳಿ ಬರಲು ಹಿಂಜರಿದರು. ಮಿಷನ್ ಬಂಗಲೆಯ ಒಂದು ಕೋಣೆಯಲ್ಲಿ, ಒಂದೇ ಹಾಸಿಗೆಯೊಂದಿಗೆ ಆರಂಭವಾದ ಚಿಕಿತ್ಸಾಲಯದಲ್ಲಿ ಎರಡು ವರ್ಷಗಳೊಳಗಾಗಿ ಸುಮಾರು 5,000 ರೋಗಿಗಳು ಚಿಕಿತ್ಸೆ ಪಡೆದರೆಂಬ ಲೆಕ್ಕವು ಆ ಹಿಂಜರಿಕೆ ಎಷ್ಟು ಬೇಗ ಕರಗಿತೆಂಬುದಕ್ಕೆ ಸಾಕ್ಷಿ. 1902ರಲ್ಲಿ 40 ಹಾಸಿಗೆಗಳ ಮೇರಿ ಟೇಬರ್ ಶೆಲ್ ಸ್ಮಾರಕ ಆಸ್ಪತ್ರೆ ಸಿದ್ಧವಾಯಿತು.

ಇನ್ನೊಬ್ಬ ವೈದ್ಯರಾಗಿದ್ದರೆ ಇಷ್ಟರಿಂದಲೇ ತೃಪ್ತರಾಗಬಹುದಿತ್ತು. ಆದರೆ ಆಸ್ಪತ್ರೆ ಬೆಳೆದಂತೆಲ್ಲ ಐಡಾ ಅವರಿಗೆ ಅದರ ಮಿತಿ ಸ್ಪಷ್ಟವಾಗತೊಡಗಿತು. ಹಳ್ಳಿಗಳಿಂದ ಬರುವವರು ಬಹಳ ತಡವಾಗಿ ಬರುತ್ತಿದ್ದರು. ನಾಟಿ ಉಪಚಾರಗಳೆಲ್ಲ ಮುಗಿದು, ಹುಣ್ಣು ಕೊಳೆತು, ಕಣ್ಣು ಮಂಜಾಗಿ, ಹೆರಿಗೆ ಕೈಮೀರಿದ ಮೇಲೆ ಎತ್ತಿನ ಗಾಡಿಗಳಲ್ಲಿ ಬಂದು ಇಳಿಯುತ್ತಿದ್ದರು. ಬರಲಾರದವರ ಸಂಖ್ಯೆ ಇನ್ನೂ ದೊಡ್ಡದು. ಕೂಲಿಯನ್ನು ಕಳೆದುಕೊಂಡು ಪಟ್ಟಣಕ್ಕೆ ಹೋಗುವುದು ದುಡಿಯುವ ಹೆಣ್ಣಿಗೆ ಆಗದ ಮಾತು. ರೋಗಿ ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಬೇಕು ಎಂಬ ಸರಳವಾದ ತೀರ್ಮಾನಕ್ಕೆ ಅವರು ಬಂದರು. ವಾರಕ್ಕೊಂದು ದಿನ ಗುಡಿಯಾತ್ತಂ ಕಡೆಯ ರಸ್ತೆಯಲ್ಲಿ ಔಷಧಿಗಳ ಪೆಟ್ಟಿಗೆಯೊಂದಿಗೆ ಹೊರಡುವ ಪದ್ಧತಿ ಹೀಗೆ ಹುಟ್ಟಿತು. ಮೊದಲು ಎತ್ತಿನ ಗಾಡಿ. 1909ರಲ್ಲಿ ಫ್ರಾನ್ಸಿನಲ್ಲಿ ತಯಾರಾದ ಒಂದು ಪುಟ್ಟ ಪ್ಯೂಜೋ ಮೋಟಾರು ಬಂತು. ಎತ್ತುಕುದುರೆಗಳಿಲ್ಲದೆ ಗದ್ದಲ ಮಾಡುತ್ತ ಓಡುವ ಆ ಗಾಡಿಯನ್ನು ಕಂಡು ಹಳ್ಳಿಗರು ಮೊದಲ ದಿನಗಳಲ್ಲಿ ಹೊಲಗಳೊಳಗೆ ಓಡಿಹೋದರೆಂದು ಹೇಳುತ್ತಾರೆ. ಕೆಲವೇ ಕಾಲದಲ್ಲಿ ಅದೇ ಗಾಡಿಯ ಸದ್ದಿಗಾಗಿ ರಸ್ತೆಬದಿಯ ಮರಗಳ ಕೆಳಗೆ ಜನ ಗುಂಪುಗುಂಪಾಗಿ ಕಾದು ಕೂರತೊಡಗಿದರು.

ಈ ರಸ್ತೆಬದಿಯ ಚಿಕಿತ್ಸಾಲಯಗಳಿಗೆ ಕಟ್ಟಡವಿರಲಿಲ್ಲ, ಬಾಗಿಲಿರಲಿಲ್ಲ. ಮರದ ನೆರಳೇ ಕೋಣೆ; ಗಾಡಿಯ ಹಲಗೆಯೇ ಮೇಜು. ಹುಣ್ಣುಗಳನ್ನು ತೊಳೆದು ಕಟ್ಟುವುದು, ಕಣ್ಣಿಗೆ ಔಷಧಿ ಹಾಕುವುದು, ಜ್ವರಕ್ಕೆ ಮದ್ದು ಕೊಡುವುದು, ದೊಡ್ಡ ಚಿಕಿತ್ಸೆ ಬೇಕಾದವರನ್ನು ಗುರುತಿಸಿ ವೆಲ್ಲೂರಿಗೆ ಕರೆತರುವುದು ಅಲ್ಲಿಯ ಕೆಲಸ. ಊರೊಳಗೆ ಪ್ರವೇಶವಿಲ್ಲದ ಕುಷ್ಠರೋಗಿಗಳೂ ಅಲ್ಲಿಗೆ ಬರಬಹುದಾಗಿತ್ತು. ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಮುಂದಿನ ದಿನಗಳಲ್ಲಿ ಐಡಾ ತಮ್ಮ ವಿದ್ಯಾರ್ಥಿನಿಯರನ್ನೂ ದಾದಿಯರನ್ನೂ ಈ ಪಯಣಕ್ಕೆ ಜತೆಗೆ ಕರೆದೊಯ್ಯುತ್ತಿದ್ದುದು. ರೋಗವನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ಮಾತ್ರ ಕಂಡವರಿಗೆ ಅದರ ಅರ್ಧವಷ್ಟೇ ತಿಳಿದಿರುತ್ತದೆ. ಅದು ಹುಟ್ಟುವ ಗುಡಿಸಲನ್ನೂ ಕುಡಿಯುವ ನೀರನ್ನೂ ಕಂಡಾಗಲೇ ವಿದ್ಯೆ ಪೂರ್ಣವಾಗುವುದು ಎಂಬುದು ಆ ಪದ್ಧತಿಯ ಇಂಗಿತ.

ಆದರೂ ಒಬ್ಬ ವೈದ್ಯೆ ಎಷ್ಟು ಮರಗಳ ಕೆಳಗೆ ನಿಂತಾಳು? ಈ ಪ್ರಶ್ನೆಯೇ ಐಡಾ ಅವರನ್ನು ಚಿಕಿತ್ಸೆಯಿಂದ ಶಿಕ್ಷಣದತ್ತ ತಿರುಗಿಸಿತು. ಮೊದಲ ದಿನಗಳಲ್ಲಿಯೇ ಅವರು ಸ್ಥಳೀಯ ಹೆಣ್ಣುಮಕ್ಕಳಿಗೆ ಗಾಯ ಕಟ್ಟುವುದನ್ನೂ ಔಷಧಿ ಬೆರೆಸುವುದನ್ನೂ ಕಲಿಸಿ ಸಹಾಯಕಿಯರನ್ನಾಗಿ ಮಾಡಿಕೊಂಡಿದ್ದರು. 1903ರಲ್ಲಿ ಕಾಂಪೌಂಡರುಗಳ ತರಬೇತಿ, 1909ರಲ್ಲಿ ದಾದಿಯರ ಶಾಲೆ ಆರಂಭವಾದವು. ರೋಗಿಯ ಮೈಮುಟ್ಟುವುದನ್ನೂ ಮಲಮೂತ್ರಗಳನ್ನು ಶುಚಿಗೊಳಿಸುವುದನ್ನೂ ಕೀಳೆಂದು ಎಣಿಸಿದ್ದ ಸಮಾಜದಲ್ಲಿ, ಆ ಕೆಲಸವು ವಿದ್ಯೆಯನ್ನೂ ಗೌರವವನ್ನೂ ಬಯಸುವ ವೃತ್ತಿಯೆಂದು ಸ್ಥಾಪಿಸಿದ್ದು ವೈದ್ಯಕೀಯ ಸಾಧನೆಯಷ್ಟೇ ದೊಡ್ಡದಾದ ಸಾಮಾಜಿಕ ಸಾಧನೆ.

ಮುಂದಿನ ಹೆಜ್ಜೆ ಇನ್ನೂ ದಿಟ್ಟವಾದುದು. ಮಹಿಳೆಯರಿಗಾಗಿಯೇ ವೈದ್ಯಕೀಯ ಶಾಲೆಯೊಂದನ್ನು ತೆರೆಯುವ ಯೋಜನೆಯನ್ನು ಐಡಾ ಮುಂದಿಟ್ಟಾಗ ಪ್ರಾಂತ್ಯದ ವೈದ್ಯಾಧಿಕಾರಿಗಳಿಗೆ ನಂಬಿಕೆ ಹುಟ್ಟಲಿಲ್ಲ. ಬೆರಳೆಣಿಕೆಯಷ್ಟು ಹುಡುಗಿಯರಾದರೂ ಮುಂದೆ ಬರುವರೇ ಎಂಬುದು ಅವರ ಶಂಕೆ. 1918ರ ಆಗಸ್ಟಿನಲ್ಲಿ ಶಾಲೆ ಆರಂಭವಾದಾಗ ಬಂದ ಅರ್ಜಿಗಳಲ್ಲಿ ಬಹಳಷ್ಟನ್ನು ಸ್ಥಳಾಭಾವದಿಂದ ತಿರಸ್ಕರಿಸಬೇಕಾಯಿತು. ಒಂದು ಸೂಕ್ಷ್ಮದರ್ಶಕ, ಕೆಲವು ಮೂಳೆಗಳು, ಒಂದೆರಡು ಪುಸ್ತಕಗಳು: ಇಷ್ಟೇ ಆರಂಭದ ಉಪಕರಣ. ಅಂಗರಚನಾಶಾಸ್ತ್ರವನ್ನು ಐಡಾ ಅವರೇ ಬೋಧಿಸುತ್ತಿದ್ದರು. ಮೊದಲ ವರ್ಷದ ಸರ್ಕಾರಿ ಪರೀಕ್ಷೆಗೆ ಕುಳಿತ 14 ವಿದ್ಯಾರ್ಥಿನಿಯರೂ ಉತ್ತೀರ್ಣರಾಗಿ, ಪುರುಷರ ಶಾಲೆಗಳ ಫಲಿತಾಂಶವನ್ನು ಹಿಂದಿಕ್ಕಿದರು. 1922ರಲ್ಲಿ ಈ ಮೊದಲ ತಂಡ ಎಲ್.ಎಂ.ಪಿ. ಅರ್ಹತೆಯನ್ನು ಪಡೆದು ಹೊರಬಂದಿತು.

ಎಲ್.ಎಂ.ಪಿ. ಎಂಬ ಅರ್ಹತೆಯ ಸ್ವರೂಪವನ್ನು ಇಲ್ಲಿ ಗಮನಿಸಬೇಕು. ಅದು ವಿಶ್ವವಿದ್ಯಾನಿಲಯದ ಪದವಿಯಲ್ಲ. ಕಡಿಮೆ ವೆಚ್ಚದ, ಕಡಿಮೆ ಅವಧಿಯ ಪರವಾನಗಿ ಶಿಕ್ಷಣ. ಮೆಟ್ರಿಕ್ಯುಲೇಷನ್ ಮಟ್ಟದ ಓದಿನಿಂದಲೇ ಪ್ರವೇಶ ದೊರೆಯುತ್ತಿದ್ದುದರಿಂದ ಕಾಲೇಜು ಶಿಕ್ಷಣಕ್ಕೆ ಅವಕಾಶವಿಲ್ಲದ ಹುಡುಗಿಯರಿಗೂ ಅದು ಎಟುಕುತ್ತಿತ್ತು. ಅಂದಿನ ಭಾರತದ ಸಣ್ಣ ಊರುಗಳಲ್ಲಿ ಚಿಕಿತ್ಸೆ ನೀಡುತ್ತಿದ್ದವರಲ್ಲಿ ಬಹುಮಂದಿ ಇಂಥ ಪರವಾನಗಿ ವೈದ್ಯರೇ. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯ ಲೆಕ್ಕದಂತೆ ದೇಶದಲ್ಲಿದ್ದ ಸುಮಾರು 47,500 ವೈದ್ಯರಲ್ಲಿ ಸುಮಾರು 30,000 ಮಂದಿ ಈ ವರ್ಗಕ್ಕೆ ಸೇರಿದವರಾಗಿದ್ದರು.

ಶಾಲೆಯ ಬೆಳವಣಿಗೆಗೆ ಬೇಕಾದ ಹಣ ಬಂದದ್ದು ಬಹುಮಟ್ಟಿಗೆ ಅಮೆರಿಕದ ಸ್ತ್ರೀಸಂಘಗಳಿಂದ. ಪೂರ್ವದೇಶಗಳ ಏಳು ಮಹಿಳಾ ಕಾಲೇಜುಗಳಿಗಾಗಿ ಲೂಸಿ ಪೀಬಡಿ ಎಂಬ ಮಹಿಳೆಯ ಮುಂದಾಳ್ತನದಲ್ಲಿ ನಡೆದ ನಿಧಿಸಂಗ್ರಹಣೆಯಲ್ಲಿ ವೆಲ್ಲೂರಿಗೂ ಪಾಲಿತ್ತು. ನ್ಯೂಯಾರ್ಕಿನ ಗರ್ಟ್ರೂಡ್ ಡಾಡ್ ತಮ್ಮ ಸಂಪತ್ತಿನೊಂದಿಗೆ ತಮ್ಮ ಬದುಕನ್ನೂ ವೆಲ್ಲೂರಿಗೆ ಒಪ್ಪಿಸಿ, ಐಡಾ ಅವರ ಜತೆಗೇ ಉಳಿದರು. ಹಲವು ಕ್ರೈಸ್ತ ಪಂಗಡಗಳು ಒಗ್ಗೂಡಿ ಸಂಸ್ಥೆಗೆ ಆಸರೆಯಾದವು. ಪಟ್ಟಣದಲ್ಲಿ ದೊಡ್ಡ ಆಸ್ಪತ್ರೆಯೂ, ಊರ ಹೊರಗೆ ಬಾಗಾಯಂ ಎಂಬಲ್ಲಿ ಬೆಟ್ಟದ ತಪ್ಪಲಿನಲ್ಲಿ 1932ರ ವೇಳೆಗೆ ಕಾಲೇಜಿನ ಆವರಣವೂ ರೂಪುಗೊಂಡವು.

ಎಲ್ಲವೂ ನೆಲೆಗೊಂಡಿತೆನ್ನುವಾಗ ಅತ್ಯಂತ ಕಠಿಣವಾದ ಪರೀಕ್ಷೆ ಎದುರಾಯಿತು. 1930ರ ದಶಕದ ಕೊನೆಯಲ್ಲಿ ಮದರಾಸು ಸರ್ಕಾರವು ಪರವಾನಗಿ ಶಿಕ್ಷಣವನ್ನು ನಿಲ್ಲಿಸಿ, ವೈದ್ಯಶಿಕ್ಷಣವೆಲ್ಲವೂ ವಿಶ್ವವಿದ್ಯಾನಿಲಯದ ಪದವಿಯ ಮಟ್ಟಕ್ಕೇರಬೇಕೆಂದು ನಿರ್ಧರಿಸಿತು. ನಿರ್ಧಾರದ ಹಿಂದಿನ ಉದ್ದೇಶ ಸದುದ್ದೇಶವೇ. ಬಡವನಿಗೊಬ್ಬ ವೈದ್ಯ, ಬಲ್ಲಿದನಿಗೊಬ್ಬ ವೈದ್ಯ ಎಂಬ ಭೇದ ಇರಕೂಡದೆಂಬುದು ಅದರ ಆಶಯ. ಆದರೆ ವೆಲ್ಲೂರಿನ ಪಾಲಿಗೆ ಅದು ಬಹುತೇಕ ಮರಣಶಾಸನವಾಗಿ ಪರಿಣಮಿಸಿತು. ಹೆಚ್ಚು ಹಾಸಿಗೆಗಳು, ಉನ್ನತ ಪದವಿಯುಳ್ಳ ಪ್ರಾಧ್ಯಾಪಕರು, ಪ್ರಯೋಗಾಲಯಗಳು, ದೊಡ್ಡ ಮೂಲನಿಧಿ ಇವೆಲ್ಲವನ್ನೂ ಅಲ್ಪಕಾಲದಲ್ಲಿ ಒದಗಿಸಬೇಕಾಗಿತ್ತು. ಐಡಾ ಅವರಿಗೆ ಆಗ 70ರ ಹತ್ತಿರದ ವಯಸ್ಸು. ಶಾಲೆಯನ್ನು ಮುಚ್ಚಿ ಆಸ್ಪತ್ರೆಯನ್ನು ಮಾತ್ರ ಉಳಿಸಿಕೊಳ್ಳುವ ಸುಲಭದ ದಾರಿ ಅವರ ಮುಂದಿತ್ತು. ಅದನ್ನು ಅವರು ಒಪ್ಪಲಿಲ್ಲ. ಯುದ್ಧಕಾಲದ ಅಪಾಯಗಳ ನಡುವೆ 1941ರಲ್ಲಿ ಅಮೆರಿಕಕ್ಕೆ ತೆರಳಿ, ನಾಲ್ಕು ವರ್ಷಗಳ ಕಾಲ ಊರೂರು ಸುತ್ತಿ ನಿಧಿಯನ್ನು ಸಂಗ್ರಹಿಸಿದರು. 1942ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ತಾತ್ಕಾಲಿಕ ಮಾನ್ಯತೆಯೊಂದಿಗೆ ಎಂ.ಬಿ.ಬಿ.ಎಸ್. ತರಗತಿ ಆರಂಭವಾಯಿತು.

ಈ ಹೋರಾಟದ ನಡುವೆಯೇ ಇನ್ನೊಂದು ಧರ್ಮಸಂಕಟ ಹುಟ್ಟಿತು. ಸಂಸ್ಥೆ ಉಳಿಯಬೇಕಾದರೆ ಎಲ್ಲ ಮಿಷನ್‌ಗಳ ಬೆಂಬಲ ಬೇಕು. ಅದು ದೊರೆಯಬೇಕಾದರೆ ಪುರುಷ ವಿದ್ಯಾರ್ಥಿಗಳಿಗೂ ಪ್ರವೇಶ ನೀಡಬೇಕು. ಮಹಿಳೆಯರಿಗಾಗಿ ಮಹಿಳೆಯರೇ ಕಾಸುಕಾಸು ಕೂಡಿಸಿ ಕಟ್ಟಿದ ಸಂಸ್ಥೆಯಲ್ಲಿ ಮುಂದೊಂದು ದಿನ ಮಹಿಳೆಯರೇ ಬದಿಗೆ ಸರಿಯಬೇಕಾದೀತೆಂದು ಲೂಸಿ ಪೀಬಡಿ ಮುಂತಾದ ಹಳೆಯ ಆಸರೆಗಾರರು ತೀವ್ರವಾಗಿ ವಿರೋಧಿಸಿದರು. ಆ ಭಯ ನಿರಾಧಾರವಾದುದಲ್ಲ. ಐಡಾ ಅವರ ಮನಸ್ಸೂ ದೀರ್ಘಕಾಲ ಹೊಯ್ದಾಡಿತು. ಕೊನೆಗೆ ಅವರು ಸಹಶಿಕ್ಷಣವನ್ನು ಒಪ್ಪಿಕೊಂಡರು. ಬಹುಕಾಲದ ಸ್ನೇಹ ಮುರಿದುದನ್ನೂ ನುಂಗಿಕೊಂಡರು. 1947ರಲ್ಲಿ ಪುರುಷ ವಿದ್ಯಾರ್ಥಿಗಳ ಮೊದಲ ತಂಡ ವೆಲ್ಲೂರನ್ನು ಪ್ರವೇಶಿಸಿತು.

1946ರಲ್ಲಿ ಐಡಾ ನಿವೃತ್ತರಾದರು. ಅದೇ ವರ್ಷ ದಾದಿಯರ ಶಾಲೆಯು ಪದವಿ ನೀಡುವ ಕಾಲೇಜಾಗಿ ಬೆಳೆಯಿತು. ಭಾರತದಲ್ಲಿ ಶುಶ್ರೂಷಾ ಪದವಿ ಶಿಕ್ಷಣವನ್ನು ಆರಂಭಿಸಿದ ಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಸ್ವಾತಂತ್ರ್ಯಾನಂತರ ಸಂಸ್ಥೆಯ ಹೊಣೆಯನ್ನು ಭಾರತೀಯರ ಪೈಕಿ ಮೊದಲು ಹೊತ್ತವರು ಡಾ. ಹಿಲ್ಡಾ ಲಾಜರಸ್. ವಿದೇಶೀ ವೈದ್ಯೆಯೊಬ್ಬರು ಆರಂಭಿಸಿದ ಕೆಲಸವು ಭಾರತೀಯ ವೈದ್ಯೆಯೊಬ್ಬರ ಕೈಗೆ ಸಂದಿತೆಂಬುದು ಅರ್ಥಪೂರ್ಣ. ಕೊಡೈಕನಾಲಿನ ತಮ್ಮ ಮನೆಯಲ್ಲಿ ಐಡಾ ಕೊನೆಯ ವರ್ಷಗಳನ್ನು ಕಳೆದರು. 1960ರ ಮೇ ತಿಂಗಳಲ್ಲಿ, 89ನೆಯ ವಯಸ್ಸಿನಲ್ಲಿ, ಅಲ್ಲಿಯೇ ನಿಧನರಾದರು.

ಅವರ ಬದುಕನ್ನು ಇಂದು ಅಳೆಯುವಾಗ ಎರಡು ಮಾತುಗಳನ್ನು ಮರೆಮಾಚಬಾರದು. ಧರ್ಮಪ್ರಚಾರವು ಅವರ ಸೇವೆಯ ಪ್ರೇರಣೆಯಾಗಿತ್ತು. ಅದನ್ನು ಅವರು ಬಚ್ಚಿಟ್ಟವರಲ್ಲ. ಆದರೆ ಮರದ ಕೆಳಗೆ ಕಾದು ಕುಳಿತವರ ಮತಜಾತಿಗಳು ಚಿಕಿತ್ಸೆಗೆ ಅಡ್ಡಿಯಾಗಲಿಲ್ಲವೆಂಬುದೂ ಅಷ್ಟೇ ನಿಜ. ಎರಡನೆಯದು, ಪರವಾನಗಿ ಶಿಕ್ಷಣದ ಅಂತ್ಯಕ್ಕೆ ಸಂಬಂಧಿಸಿದ ಮಾತು. ಶಿಕ್ಷಣದ ಮಟ್ಟ ಏರಿತು; ಸಂಸ್ಥೆಗೆ ಕೀರ್ತಿ ಬಂತು. ಆದರೆ ಕಡಿಮೆ ಓದಿನ ಹಳ್ಳಿಯ ಹುಡುಗಿ ನಾಲ್ಕು ವರ್ಷಗಳಲ್ಲಿ ವೈದ್ಯೆಯಾಗಿ ತನ್ನ ಸೀಮೆಗೆ ಮರಳಬಹುದಾಗಿದ್ದ ದಾರಿ ಮುಚ್ಚಿಹೋಯಿತು. ಭೋರ್ ಸಮಿತಿಯ ಸದಸ್ಯರಲ್ಲಿಯೇ ಕೆಲವರು ಇದನ್ನು ಕುರಿತು ಭಿನ್ನಮತ ಸೂಚಿಸಿದ್ದರು. ಉತ್ತಮ ವೈದ್ಯರು ಬೇಕೋ, ಹಳ್ಳಿಯಲ್ಲಿ ನಿಲ್ಲುವ ವೈದ್ಯರು ಬೇಕೋ ಎಂಬ ಆಗಿನ ಪ್ರಶ್ನೆ ಸ್ವತಂತ್ರ ಭಾರತದಲ್ಲಿಯೂ ಪರಿಹಾರ ಕಾಣದೆ ಉಳಿಯಿತು. ಪಟ್ಟಣಗಳಲ್ಲಿ ವೈದ್ಯರು ಹೆಚ್ಚಿದರೂ ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿರುವ ಸ್ಥಿತಿ ಇನ್ನೂ ತಪ್ಪಿಲ್ಲ.

ವೆಲ್ಲೂರು ಈ ಪ್ರಶ್ನೆಗೆ ತನ್ನದೇ ಆದ ರೀತಿಯಲ್ಲಿ ಉತ್ತರವನ್ನು ಅರಸಿತು. ಮಿಷನ್‌ಗಳ ಪ್ರಾಯೋಜಕತ್ವದಿಂದ ಪ್ರವೇಶ ಪಡೆದವರು ಓದಿನ ನಂತರ ನಿಗದಿತ ಅವಧಿಗೆ, ವೈದ್ಯರಿಲ್ಲದ ಊರುಗಳ ಮಿಷನ್ ಆಸ್ಪತ್ರೆಗಳಲ್ಲಿ ದುಡಿಯಬೇಕೆಂಬ ಕಟ್ಟಳೆ ರೂಢಿಗೆ ಬಂತು. 1977ರಲ್ಲಿ ಕೆ.ವಿ. ಕುಪ್ಪಂ ಎಂಬಲ್ಲಿ ಗ್ರಾಮೀಣ ಆರೋಗ್ಯ ಮತ್ತು ಸಾಮಾಜಿಕ ವಿಭಾಗವೊಂದು ಆರಂಭವಾಯಿತು. ಅದು ನೆಲೆಯಾದದ್ದು ಐಡಾ ಅವರ ಗಾಡಿ ವಾರವಾರವೂ ಓಡಾಡಿದ ಗುಡಿಯಾತ್ತಂ ಸೀಮೆಯಲ್ಲಿಯೇ. ಈ ಸಂಸ್ಥೆಯಲ್ಲಿ ಓದಿದ ರಜನಿಕಾಂತ ಆರೋಳೆ ಮತ್ತು ಮೇಬೆಲ್ ಆರೋಳೆ ದಂಪತಿಗಳು 1970ರಲ್ಲಿ ಮಹಾರಾಷ್ಟ್ರದ ಅಹಮದ್‌ನಗರ, ಅಂದರೆ ಈಗಿನ ಅಹಿಲ್ಯಾನಗರ, ಜಿಲ್ಲೆಯ ಜಾಮಖೇಡದಲ್ಲಿ ನೆಲಸಿ, ಅಕ್ಷರವರಿಯದ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಸಿದ್ಧಗೊಳಿಸಿದರು. ಊರಿನ ಆರೋಗ್ಯವನ್ನು ಊರಿನ ಹೆಣ್ಣುಮಗಳೇ ನೋಡಿಕೊಳ್ಳಬೇಕೆಂಬ ತತ್ತ್ವವು 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಯರ ಯೋಜನೆಯಲ್ಲಿ ದೇಶವ್ಯಾಪಿಯಾಯಿತು. ತಮ್ಮ ಬಳಿಯಿದ್ದ ಸ್ಥಳೀಯ ಹೆಣ್ಣುಮಕ್ಕಳಿಗೆ ಗಾಯ ಕಟ್ಟುವುದನ್ನು ಐಡಾ ಕಲಿಸಿದಾಗ ಮಾಡಿದ್ದೂ ಇದನ್ನೇ.

ತಿಂಡಿವನದ ಆ ರಾತ್ರಿ ಮೂರು ಮನೆಗಳಿಗೆ ಬೇಕಾಗಿದ್ದುದು ಭವ್ಯವಾದ ಆಸ್ಪತ್ರೆಯಲ್ಲ. ಒಳಕೋಣೆಯ ಹೊಸ್ತಿಲನ್ನು ದಾಟಬಲ್ಲ, ಕಲಿತ ಎರಡು ಕೈಗಳು. ಅಂಥ ಕೈಗಳನ್ನು ಸಾವಿರಗಟ್ಟಲೆಯಾಗಿ ಸಿದ್ಧಗೊಳಿಸುವುದರಲ್ಲಿ ಐಡಾ ಸ್ಕಡರ್ ತಮ್ಮ ಆಯುಷ್ಯವನ್ನು ಸವೆಸಿದರು. ಹೆರಿಗೆಯ ನೋವಿನಲ್ಲಿರುವ ಹೆಣ್ಣೊಬ್ಬಳು ದಾರಿಯ ದೂರದಿಂದಲೋ ಸಂಕೋಚದಿಂದಲೋ ಚಿಕಿತ್ಸೆಗೆ ಎಟುಕದೆ ಉಳಿಯುವ ತನಕ ಆ ಕೆಲಸ ಮುಗಿದಂತಲ್ಲ.